ಒಂದು ಪ್ರೇಮ ಕಾದಂಬರಿ ಮತ್ತು ವಾಕಿಂಗ್ ಹೋಗುವ ಗಂಡಸರು

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ನೀವು ಇಷ್ಟು ವರ್ಷ ಕೆಲಸ ಮಾಡಿದೀರ. ಲೈಬ್ರರಿ ಅಂದ್ರೆ ಶಾಂತವಾಗಿರೋ ಕೆಲಸ ಅಲ್ವಾ?" ಎಂದು ಕೇಳಿದಳು. ನಾನು ಕಾಫಿ ಕುಡಿಯುತ್ತಿದ್ದೆ. ನಕ್ಕ ರಭಸಕ್ಕೆ ಕಾಫಿ ನೆತ್ತಿಗೇರಿ, ಪಾಪ ಆ ಮಗು "ಮೇಡಂ, ಮೇಡಂ" ಎಂದು ಕೂಗಿಕೊಂಡು ಗಾಬರಿಯಾಯಿತು. ಅವಳಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ನಿವೃತ್ತಳಾದದ್ದು ವಿಜಯನಗರದ ಒಂದು ಶಾಖಾ ಗ್ರಂಥಾಲಯದಿಂದ. ಮಾರುಕಟ್ಟೆಯ ಗಲಾಟೆಗೆ ಎರಡು ಅಡ್ಡರಸ್ತೆ ಹಿಂದೆ, ಮೂರು ಮಹಡಿಯ ಮನೆಯೊಂದರ ಕೆಳಭಾಗದಲ್ಲಿ ನಮ್ಮ ಓದುವ ಕೋಣೆ. ಮಾಲೀಕರು ಮೇಲಿನ ಮಹಡಿಯಲ್ಲೇ ವಾಸವಿದ್ದ ಪುಟ್ಟಸ್ವಾಮಿಗೌಡರು. ಈಗ ಬಡಾವಣೆ ಇರುವ ಜಾಗದಲ್ಲಿ ಹಿಂದೆ ಅವರ ತಾತನ ರಾಗಿ ಹೊಲ ಇತ್ತಂತೆ. "ನಿಮ್ಮ ಇತಿಹಾಸದ ಬೀರು ಇದ್ಯಲ್ಲ ಮೇಡಂ, ಕರೆಕ್ಟಾಗಿ ಅಲ್ಲೇ ನಮ್ ಎಮ್ಮೆ ಕಟ್ತಾ ಇದ್ವಿ" ಎಂದು ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ತೋರಿಸುತ್ತಿದ್ದರು. ಗ್ರಂಥಾಲಯದ ಮೇಲೆ ಅವರಿಗೆ ಅಭಿಮಾನ ಬಹಳ. ಪುಸ್ತಕವನ್ನು ಮಾತ್ರ ಮುಟ್ಟಿದವರಲ್ಲ.

ನನ್ನ ಸೇವೆಯ ಕೊನೆಯ ಭಾಗದಲ್ಲಿ ಎಲ್ಲವೂ ಕಂಪ್ಯೂಟರಿಗೆ ಬಂತು. ಅಲ್ಲಿಯವರೆಗೆ ಪುಸ್ತಕ ಬಂದರೆ ನಾವು ಒಂದೆರಡು ಪುಟ ತಿರುವಿ ನೋಡಿ, ಯಾವ ಬೀರುವಿಗೆ ಎಂದು ತೀರ್ಮಾನಿಸುತ್ತಿದ್ದೆವು. ಹೊಸ ಪದ್ಧತಿಯಲ್ಲಿ ಮೇಲಿನ ಕಚೇರಿಯೇ ಸಂಖ್ಯೆ ಅಂಟಿಸಿ ಕಳಿಸುತ್ತಿತ್ತು, ನಾವು ಸಂಖ್ಯೆ ನೋಡಿ ಇಟ್ಟರೆ ಮುಗಿಯಿತು. ಹಾಗೆ ಬಂದ ಒಂದು ಕಟ್ಟಿನಲ್ಲಿ 'ಟೆರೇಸಿನ ಮೇಲೆ ಇಬ್ಬರು' ಎಂಬ ಕಾದಂಬರಿ ಇತ್ತು. ಒಂದೇ ಪ್ರತಿ. ಯಾರ ಜಾಣತನವೋ, ಅದಕ್ಕೆ ತೋಟಗಾರಿಕೆಯ ಸಂಖ್ಯೆ ಬಿದ್ದಿತ್ತು. ನಾನೂ ಸಂಖ್ಯೆ ನೋಡಿ, ತಾರಸಿ ತೋಟದ ಪುಸ್ತಕಗಳ ಪಕ್ಕದಲ್ಲಿ ಇಟ್ಟೆ.

ಮೊದಲು ಅದನ್ನು ತೆಗೆದುಕೊಂಡು ಹೋದವರು ಮನೆ ಮೇಲೆ ಟೊಮೆಟೊ ಬೆಳೆಯಬೇಕೆಂದಿದ್ದ ಒಬ್ಬ ನಿವೃತ್ತ ಬಸ್ ಕಂಡಕ್ಟರು. ವಾರದ ನಂತರ ಹಿಂದಿರುಗಿಸುತ್ತಾ ಬಹಳ ಹೊತ್ತು ನನ್ನ ಮೇಜಿನ ಮುಂದೆ ನಿಂತರು.

"ಟೊಮೆಟೊ ಬಗ್ಗೆ ಏನೂ ಇಲ್ಲ ಮೇಡಂ ಇದ್ರಲ್ಲಿ" ಎಂದರು.

"ಅಯ್ಯೋ, ಮತ್ತೆ ಅವತ್ತೇ ವಾಪಸ್ ಕೊಡೋದಲ್ವಾ?"

"ಬರತ್ತೇನೋ ಬರತ್ತೇನೋ ಅಂತ ಓದ್ತಾ ಹೋದೆ. ಆದ್ರೆ ಆ ಹುಡುಗ ಒಳ್ಳೇವ್ನು ಮೇಡಂ. ಆ ಹುಡುಗಿ ಒಪ್ಕೋಬೇಕಿತ್ತು."

ಯಾವ ಹುಡುಗ, ಯಾವ ಹುಡುಗಿ ಎಂದು ಅಂದು ಸಂಜೆ ಮನೆಗೆ ಒಯ್ದು ಓದಿದೆ. ಕಥೆ ಇಷ್ಟೇ. ನಯನಾ ಎಂಬ ಮೂವತ್ತು ದಾಟಿದ ಹುಡುಗಿ ಅಪ್ಪ ಅಮ್ಮನ ಜೊತೆ ಇದ್ದಾಳೆ. ಮೇಲಿನ ಮನೆಗೆ ಅಭಿ ಎಂಬ ನಾಯಿ ಡಾಕ್ಟರು ಬಾಡಿಗೆಗೆ ಬರುತ್ತಾನೆ, ಅವನಿಗೆ ಒಂದು ಮದುವೆಯಾಗಿ ಮುರಿದಿದೆ. ಬಟ್ಟೆ ಒಣಹಾಕುವಾಗ ಟೆರೇಸಿನಲ್ಲಿ ಇಬ್ಬರಿಗೂ ಪ್ರೀತಿಯಾಗುತ್ತದೆ. ಹುಡುಗಿಯ ಅಪ್ಪ ಅಭಿಯ ಮನೆ ಖಾಲಿ ಮಾಡಿಸಲು ಹೊರಡುತ್ತಾನೆ. ಅಷ್ಟರಲ್ಲಿ ಒಂದು ಬೆಳಿಗ್ಗೆ, ಸಕ್ಕರೆ ಕಾಯಿಲೆಯ ಆ ಅಪ್ಪ ವಾಕಿಂಗ್ ಎಂದು ಶೂ ಹಾಕಿಕೊಂಡು ಹೊರಟವನು, ದರ್ಶಿನಿ ಹೋಟೆಲಿನ ಕಂಬದ ಮರೆಯಲ್ಲಿ ಮಸಾಲೆ ದೋಸೆ ತಿನ್ನುತ್ತಾ ಮಗಳ ಕಣ್ಣಿಗೆ ಬೀಳುತ್ತಾನೆ. ಅಲ್ಲೇ ಒಪ್ಪಂದವಾಗುತ್ತದೆ. ಅವಳು ಅಮ್ಮನಿಗೆ ದೋಸೆಯ ಸುದ್ದಿ ಹೇಳಬಾರದು, ಅವನು ಬಾಡಿಗೆಯವನನ್ನು ಓಡಿಸಬಾರದು. ಕಡೆಗೆ ಅಭಿ ಟೆರೇಸಿನಲ್ಲಿ "ಮದುವೆ ಆಗ್ತೀಯಾ?" ಎನ್ನುತ್ತಾನೆ. ಅವಳು "ನಾಳೆ ಹೇಳ್ತೀನಿ" ಎನ್ನುತ್ತಾಳೆ. ಕಾದಂಬರಿ ಮುಗಿಯಿತು.

ನಾನು ಅದನ್ನು ಕಾದಂಬರಿಗಳ ಬೀರುವಿಗೆ ಸಾಗಿಸಿದೆ. ಅಲ್ಲಿಂದ ಶುರುವಾಯಿತು.

ಎಲ್ಲರಿಗಿಂತ ಹೆಚ್ಚು ಮೆಚ್ಚಿದವಳು ಸಹನಾ. ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಗಂಡು ಹುಡುಕುತ್ತಿದ್ದ ವಯಸ್ಸು. ಸಂಜೆ ಮೆಟ್ರೋದಲ್ಲಿ ನಿಂತುಕೊಂಡೇ ಓದುತ್ತಾ ವಿಜಯನಗರ ದಾಟಿದ್ದು ಗೊತ್ತಾಗದೆ ಕೆಂಗೇರಿವರೆಗೆ ಹೋಗಿ ಬಂದಿದ್ದಳು. "ಮೇಡಂ, ನಯನಾ ಅಂದ್ರೆ ನಾನೇ" ಎಂದಳು. ಯಾವ ವಿಷಯದಲ್ಲಿ ಎಂದು ಕೇಳಿದೆ. ಅವಳಿಗೆ ಟೆರೇಸೂ ಇರಲಿಲ್ಲ, ಬಾಡಿಗೆಯ ಡಾಕ್ಟರೂ ಇರಲಿಲ್ಲ. "ನಾಳೆ ಹೇಳ್ತೀನಿ ಅನ್ನೋದ್ರಲ್ಲಿ ಮೇಡಂ. ನಾನೂ ಎಲ್ಲಾ ಗಂಡುಗಳಿಗೂ ಅದನ್ನೇ ಹೇಳ್ತಾ ಬಂದಿದೀನಿ."

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ನಮ್ಮಲ್ಲೇ ಬೀಡುಬಿಟ್ಟಿದ್ದ ಮಂಜುನಾಥನಿಗೆ ಅಭಿಯ ಮೇಲೆ ಸಿಟ್ಟು. "ಏನ್ ಹೀರೋ ಮೇಡಂ ಇವ್ನು! ಆಕೆ ನಾಳೆ ಅಂದ್ರೆ ಸುಮ್ನೆ ಕೆಳಗಿಳಿದು ಹೋಗ್ತಾನೆ. ಟೈಮ್ ಕೇಳ್ಬೇಕು ತಾನೇ? ಬೆಳಿಗ್ಗೆನೋ ಸಾಯಂಕಾಲನೋ?" ಇಷ್ಟು ಹೇಳುವುದಕ್ಕೆ ಅವನು ಭಾರತದ ಸಂವಿಧಾನವನ್ನು ಮುಚ್ಚಿಟ್ಟು ಎದ್ದು ಬಂದಿದ್ದ.

ಇನ್ನು ಕೆಲವರು ಕೊನೆಯ ಪುಟ ಯಾರೋ ಹರಿದುಕೊಂಡಿದ್ದಾರೆ ಎಂದು ನನ್ನ ಮೇಲೆ ಜಗಳಕ್ಕೆ ಬಂದರು. ಸರದಿಯಲ್ಲಿ ಕಾಯುತ್ತಿದ್ದವರು ಒಳ್ಳೆಯ ಪ್ರತಿ ಬರುವವರೆಗೆ ಬೇಡ ಎಂದರು. ತಡೆಯಲಾಗದೆ ನಾನೇ ಒಂದು ಚೀಟಿ ಅಂಟಿಸಿದೆ: "ಕಾದಂಬರಿ ಇಲ್ಲಿಗೇ ಮುಗಿಯುತ್ತದೆ. ಪುಟ ಹರಿದಿಲ್ಲ. ದಯವಿಟ್ಟು ಸಹಕರಿಸಿ." ಅದರ ಕೆಳಗೆ ಯಾರೋ "ಹರಿದಿದ್ದರೆ ಚೆನ್ನಾಗಿತ್ತು" ಎಂದು ಬರೆದರು.

ವಿಮಲಾ ಟೀಚರ್ ಓದಿದ ರೀತಿಯೇ ಬೇರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಕೈಯಲ್ಲಿ ಪೆನ್ಸಿಲ್ ಇಲ್ಲದೆ ಪುಸ್ತಕ ಹಿಡಿದವರಲ್ಲ. ಒಂದೇ ವಾರದಲ್ಲಿ ಎರಡು ಹುಣ್ಣಿಮೆ ಬಂದಿದೆ, ಅಭಿಯ ನಾಯಿ ಒಂದು ಕಡೆ ಗಂಡು ಇನ್ನೊಂದು ಕಡೆ ಹೆಣ್ಣು ಎಂದೆಲ್ಲ ಅಂಚಿನಲ್ಲಿ ಗುರುತು ಹಾಕಿದ್ದರು. ಹಿಂದಿರುಗಿಸುವಾಗ ಮಾತ್ರ ಮುಖದಲ್ಲಿ ಒಂದು ವಿಚಿತ್ರ ತೃಪ್ತಿ ಇತ್ತು.

"ಪ್ರೇಮ ಗೀಮ ಬಿಡಿ, ಅದು ಸಾಧಾರಣ" ಎಂದರು. "ಆದ್ರೆ ಆ ದೋಸೆ ಅಧ್ಯಾಯ ಇದೆ ನೋಡಿ! ನಮ್ಮನೆಯವರು ದಿನಾ ಬೆಳಿಗ್ಗೆ ಪಾರ್ಕ್ ಸುತ್ತಿ ಬರ್ತಾರೆ. ಆದ್ರೂ ತೂಕ ಏರ್ತಾನೇ ಇದೆ. ಈ ಲೆಕ್ಕ ನಂಗೆ ಬಗೆಹರೀತಾನೇ ಇರ್ಲಿಲ್ಲ. ಅಧ್ಯಾಯ ಮುಗಿಸಿದವಳೇ ಎದ್ದು ಹೋಗಿ ಅವರ ವಾಕಿಂಗ್ ಶರ್ಟ್ ಮೂಸಿ ನೋಡಿದೆ. ತುಪ್ಪ!"

ವಿಮಲಾ ಟೀಚರ್ ಸುಮ್ಮನಿರುವವರಲ್ಲ. ತರಕಾರಿ ಅಂಗಡಿ, ಭಜನಾ ಮಂಡಳಿ, ವಾಟ್ಸಾಪು, ಎಲ್ಲ ಕಡೆ ಸುದ್ದಿ ಹೋಯಿತು. ನನ್ನ ಗ್ರಂಥಾಲಯಕ್ಕೆ ಅದುವರೆಗೆ ಕಾಲಿಡದಿದ್ದ ಹೆಂಗಸರೆಲ್ಲ ಬಂದು ಸದಸ್ಯರಾದರು. "ಆ ಶರ್ಟ್ ಮೂಸೋ ಪುಸ್ತಕ ಕೊಡಿ ಮೇಡಂ" ಎಂದೇ ಕೇಳುತ್ತಿದ್ದರು. ಕಾದಂಬರಿಯಲ್ಲಿ ಯಾರೂ ಶರ್ಟ್ ಮೂಸುವುದಿಲ್ಲ. ಹೇಳಿದರೆ ಯಾರು ಕೇಳುತ್ತಾರೆ?

ಒಂದು ಬೆಳಿಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಪಾರ್ಕಿನ ವಾಕಿಂಗ್ ಬಳಗ ಪೂರ್ತಿಯಾಗಿ ಮೆಟ್ಟಿಲ ಮೇಲೆ ನಿಂತಿತ್ತು. ಎಲ್ಲರೂ ಕ್ಯಾನ್ವಾಸ್ ಶೂ, ಮಂಕಿ ಕ್ಯಾಪು. ಮುಂದೆ ಪುಟ್ಟಸ್ವಾಮಿಗೌಡರು, ಅವರ ಹಿಂದೆ ತಲೆ ತಗ್ಗಿಸಿಕೊಂಡು ವಿಮಲಾ ಟೀಚರ್ ಅವರ ಯಜಮಾನರು.

"ಮೇಡಂ, ಆ ಟೆರೇಸ್ ಪುಸ್ತಕ ತೆಗೀಬೇಕು" ಎಂದರು ಗೌಡರು.

"ಯಾಕೆ ಗೌಡ್ರೇ?"

ಅವರು ಹಿಂದೆ ತಿರುಗಿ ನೋಡಿದರು. ಯಾರೋ ಪಿಸುಗುಟ್ಟಿ ಹೇಳಿಕೊಟ್ಟರು. "ಸಂಸ್ಕೃತಿಗೆ ಧಕ್ಕೆ" ಎಂದರು ಗೌಡರು.

"ಯಾವ ಭಾಗದಲ್ಲಿ ಧಕ್ಕೆ?"

"ಎಲ್ಲಾ ಭಾಗದಲ್ಲೂ. ಮದುವೆ ಆಗಿ ಬಿಟ್ಟಿರೋನು, ಮದುವೆ ಆಗ್ದೇ ಇರೋಳು, ಟೆರೇಸ್ ಮೇಲೆ... ಹೆಣ್ಮಕ್ಳು ಓದೋಂಥದ್ದಾ ಅದು?"

"ಮಧ್ಯದಲ್ಲಿ ಅಪ್ಪ ಮಗಳದ್ದು ಒಳ್ಳೇ ಅಧ್ಯಾಯ ಇದೆ ಗೌಡ್ರೇ."

"ಅದೇ! ಅದನ್ನೇ ಹೇಳ್ತಿರೋದು!" ಎಂದು ಹಿಂದಿನಿಂದ ಒಬ್ಬರು ಕೂಗಿದರು. ಉಳಿದವರು ಅವರ ಬಾಯಿ ಮುಚ್ಚಿಸಿದರು.

ಎಲ್ಲರೂ ಹೋದ ಮೇಲೆ ಗೌಡರೊಬ್ಬರೇ ಉಳಿದುಕೊಂಡರು. ದನಿ ತಗ್ಗಿಸಿ, "ಮೇಡಂ, ಮುಂದಿನ ಸರದಿ ಯಾರ್ದು?" ಎಂದರು. ಕಂಪ್ಯೂಟರ್ ನೋಡಿ ಹೇಳಿದೆ. ಅವರ ಹೆಂಡತಿ ಜಯಮ್ಮನವರದ್ದು. ಗೌಡರು ಇತಿಹಾಸದ ಬೀರು ಹಿಡಿದುಕೊಂಡು ನಿಂತರು. "ಇವರದ್ದೆಲ್ಲಾ ಆಗೋಯ್ತು, ಹಾಳಾಗೋದ್ರು. ನಂದೊಂದು ಉಳ್ಕೊಂಡಿದೆ. ಆ ಪುಸ್ತಕ ಮೇಲಿನ ಮಹಡಿಗೆ ಬರಕೂಡದು. ಬಂದ್ರೆ ಮುಂದಿನ ತಿಂಗಳು ಜಾಗ ಖಾಲಿ ಮಾಡಿ. ಇದು ನನ್ನ ಮಾತು."

ಇದು ಈಗ ತಮಾಷೆಯಾಗಿ ಕೇಳುತ್ತದೆ, ಆಗ ನನಗೆ ತಮಾಷೆಯಾಗಿರಲಿಲ್ಲ. ಆ ಭಾಗದಲ್ಲಿ ಇನ್ನೊಂದು ಜಾಗ ಹುಡುಕುವುದೆಂದರೆ ಸಾಧ್ಯವಿಲ್ಲದ ಮಾತು. ಮುಚ್ಚಿದ ಶಾಖೆಗಳ ಪುಸ್ತಕಗಳನ್ನು ಮೂಟೆ ಕಟ್ಟಿ ನಾಯಂಡಹಳ್ಳಿಯ ಒಂದು ಗೋಡೌನಿಗೆ ಹಾಕಿದ್ದನ್ನು ನಾನೇ ನೋಡಿದ್ದೆ. ಮಂಜುನಾಥನಂಥವರು ಎಲ್ಲಿ ಕೂತು ಓದಬೇಕು? ಮೇಲಧಿಕಾರಿಗಳಿಗೆ ಫೋನ್ ಮಾಡಿದೆ. ಯಾವ ವಿಷಯ ಹೇಳಿದರೂ "ಇದು ಸೂಕ್ಷ್ಮ ವಿಚಾರ" ಎನ್ನುವುದು ಅವರ ಪದ್ಧತಿ. ಫ್ಯಾನು ಕೆಟ್ಟಿದೆ ಎಂದಾಗಲೂ ಅದನ್ನೇ ಹೇಳಿದ್ದರು.

"ಇದು ಸೂಕ್ಷ್ಮ ವಿಚಾರ ಮೇಡಂ. ಪುಸ್ತಕ ತೆಗೀಬೇಡಿ, ಗಲಾಟೆ ಆಗತ್ತೆ. ಕೊಡಲೂಬೇಡಿ, ಗಲಾಟೆ ಆಗತ್ತೆ. ಬೀರುವಲ್ಲಿಟ್ಟು ಬೀಗ ಹಾಕಿ. ಕೇಳಿದ್ರೆ ಬೈಂಡಿಂಗ್‌ಗೆ ಹೋಗಿದೆ ಅನ್ನಿ."

ಹಾಗೆಯೇ ಮಾಡಿದೆ. ಆದರೆ ಜಯಮ್ಮ ದಿನಾ ಮಧ್ಯಾಹ್ನ ಮೆಟ್ಟಿಲಿಳಿದು ಬಂದು ನನ್ನೆದುರು ಕೂರತೊಡಗಿದರು. ಸಣ್ಣ ಆಳು, ಮೆತ್ತಗಿನ ಮಾತು, ಎತ್ತರಿಸಿದ ದನಿ ನಾನು ಕೇಳಿದ್ದೇ ಇಲ್ಲ. "ಬಂತಾ ಮೇಡಂ?" ಎನ್ನುವರು. "ಇಲ್ಲ ಜಯಮ್ಮ, ಬೈಂಡಿಂಗು" ಎನ್ನುವೆ. "ಪರವಾಗಿಲ್ಲ, ಕೂತಿರ್ತೀನಿ" ಎನ್ನುವರು. ಹೊಸಬರಿಗೆ ಒಂದು ಮಾತು: ಮೇಲಧಿಕಾರಿಗಳ ಸಿಟ್ಟು ತಡೆದುಕೊಳ್ಳಬಹುದು, ಪರವಾಗಿಲ್ಲ ಎನ್ನುವ ಓದುಗರನ್ನು ತಡೆದುಕೊಳ್ಳುವುದು ಬಹಳ ಕಷ್ಟ.

ದಾರಿ ತೋರಿಸಿದವಳು ಸಹನಾ. ಲೇಖಕಿ ಇರುವುದು ರಾಜರಾಜೇಶ್ವರಿನಗರದಲ್ಲೇ ಎಂದು ಎಲ್ಲೋ ಪತ್ತೆ ಹಚ್ಚಿ, "ಕರೆಸೋಣ ಮೇಡಂ. ಎಲ್ರೂ ನೇರವಾಗಿ ಕೇಳಲಿ" ಎಂದಳು. ಲೇಖಕಿ ಬರುತ್ತೇನೆಂದು ಒಪ್ಪಿದರು. ನಾನು ಗೌಡರಿಗೂ ಹೇಳಿದೆ. "ಬರ್ಲಿ, ಬರ್ಲಿ! ನಂದೂ ಕೇಳೋದಿದೆ" ಎಂದು ತೋಳು ಮಡಚಿದರು.

ಆ ಭಾನುವಾರ ಮಧ್ಯಾಹ್ನ ಓದುವ ಕೋಣೆ ತುಂಬಿ ಜನ ಕಿಟಕಿಯಲ್ಲಿ ನೇತಾಡುತ್ತಿದ್ದರು. ಎಡಗಡೆ ಹೆಂಗಸರು, ಬಲಗಡೆ ಕ್ಯಾನ್ವಾಸ್ ಶೂಗಳು. ಹಿಂದಿನ ಸಾಲಿನಲ್ಲಿ ಜಯಮ್ಮ. ಲೇಖಕಿ ದಾವಣಗೆರೆ ಕಡೆಯವರು, ಕಾದಂಬರಿಕಾರ್ತಿ ಎಂಬ ಹೆಸರಿಗೆ ತಕ್ಕ ಗಾಂಭೀರ್ಯ ಇರಬಹುದೆಂದುಕೊಂಡಿದ್ದೆ. ಸ್ಕೂಟರಿನಲ್ಲಿ ಬಂದ ಸಣಕಲು ಹೆಂಗಸು, ಹೆಲ್ಮೆಟ್ ಎಲ್ಲಿಡಬೇಕೆಂದು ತಿಳಿಯದೆ ಕಾರ್ಯಕ್ರಮ ಮುಗಿಯುವವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು.

ವಿಮಲಾ ಟೀಚರ್ ಮೊದಲು ಎದ್ದು ಹುಣ್ಣಿಮೆಯ ವಿಷಯ ಎತ್ತಿದರು. "ತಪ್ಪಾಗಿದೆ ಟೀಚರ್" ಎಂದು ಲೇಖಕಿ ಕೈಮುಗಿದರು. ನಾಯಿಯ ವಿಷಯಕ್ಕೂ ಕೈಮುಗಿದರು. ಆಮೇಲೆ ಸಹನಾ, "ಮಾರನೇ ದಿನ ನಯನಾ ಏನು ಹೇಳಿದ್ಲು?" ಎಂದು ಕೇಳಿದಳು.

"ನನಗೂ ಗೊತ್ತಿಲ್ಲ" ಎಂದರು ಲೇಖಕಿ.

ಗದ್ದಲವೆದ್ದಿತು. ಟೊಮೆಟೊ ಕಂಡಕ್ಟರು, "ಹೂಂ ಅಂದ್ಲು ಅಂತ ಹೇಳ್ಬಿಡಿ ಮೇಡಂ, ಏನೀಗ!" ಎಂದು ಅಂಗಲಾಚಿದರು. ಮಂಜುನಾಥ, "ಬರೆದೋರಿಗೇ ಗೊತ್ತಿಲ್ಲ ಅಂದ್ರೆ ಇದು ಔಟ್ ಆಫ್ ಸಿಲಬಸ್ ಮೇಡಂ!" ಎಂದು ಕೂಗಿದ. ಆ ಗದ್ದಲದಲ್ಲಿ ಗೌಡರು ಎದ್ದು ನಿಂತರು. ಅವರು ಎದ್ದರೆ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

"ಅದೆಲ್ಲಾ ಇರ್ಲಿ ತಾಯಿ. ಆ ಅಪ್ಪನ ಪಾತ್ರ ಇದ್ಯಲ್ಲ, ಅದನ್ನ ಯಾರನ್ನ ನೋಡಿ ಬರೆದ್ರಿ? ನಮ್ ಏರಿಯಾಗೆ ಬಂದಿದ್ರಾ? ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಲೇಖಕಿ ಹೆಲ್ಮೆಟ್ಟನ್ನು ತಬ್ಬಿಕೊಂಡರು. "ನಮ್ಮಪ್ಪಾಜಿ ಸಾರ್. ದಾವಣಗೆರೆಯಲ್ಲಿ ಇದಾರೆ. ವಾಕಿಂಗ್ ಅಂತ ಹೋಗಿ ಬೆಣ್ಣೆ ದೋಸೆ ತಿಂತಿದ್ರು, ನಾನು ನೋಡಿದ್ದೆ. ಯಾರಿಗೂ ಹೇಳಿರಲಿಲ್ಲ. ಪುಸ್ತಕದಲ್ಲಿ ಬರೆದುಬಿಟ್ಟೆ. ಅಮ್ಮ ಓದಿದ್ರು. ಅವತ್ತಿಂದ ಅಪ್ಪಾಜಿ ನನ್ನ ಹತ್ರ ಮಾತಾಡ್ತಿಲ್ಲ. ಫೋನ್ ಮಾಡಿದ್ರೆ ಅಮ್ಮನಿಗೆ ಕೊಟ್ಟುಬಿಡ್ತಾರೆ."

"ನ್ಯಾಯ" ಎಂದರು ಗೌಡರು. "ಮಾತಾಡಲ್ಲ. ನಾನಾಗಿದ್ರೂ ಮಾತಾಡ್ತಿರ್ಲಿಲ್ಲ."

ಲೇಖಕಿಯ ಕಣ್ಣು ತುಂಬಿತು. ಗೌಡರಿಗೆ ಅಳು ನೋಡಿ ಅಭ್ಯಾಸವಿಲ್ಲ. ಅತ್ತ ಇತ್ತ ನೋಡಿದರು, ಗಂಟಲು ಸರಿಮಾಡಿಕೊಂಡರು, ಕಡೆಗೆ, "ಅಳಬೇಡ ತಾಯಿ. ಫೋನ್ ಮಾಡು. ನಾನ್ ಮಾತಾಡ್ತೀನಿ" ಎಂದರು.

ಲೇಖಕಿ ಬೇಡ ಬೇಡ ಎನ್ನುತ್ತಿದ್ದಂತೆ ಸಹನಾ ಅವರ ಕೈಯಿಂದಲೇ ಕರೆ ಮಾಡಿಸಿ, ಸ್ಪೀಕರಿಗೆ ಹಾಕಿ, ಫೋನನ್ನು ಗೌಡರ ಮುಂದೆ ಹಿಡಿದಳು. ಅತ್ತಲಿಂದ ಗಡಸು ದನಿ, "ತಡಿ, ನಿಮ್ಮವ್ವಗೆ ಕೊಡ್ತೀನಿ" ಎಂದಿತು.

"ಕೊಡಬೇಡಿ ಸ್ವಾಮಿ! ನಾನು ಬೆಂಗ್ಳೂರು ವಿಜಯನಗರದಿಂದ ಪುಟ್ಟಸ್ವಾಮಿಗೌಡ ಮಾತಾಡ್ತಾ ಇರೋದು. ನಿಮ್ಮ ಮಗಳು ಬರೆದಿರೋ ಪುಸ್ತಕದಿಂದ ಇಲ್ಲಿ ನಮ್ಮ ದೋಸೆ ನಿಂತೋಯ್ತು!"

ಅದೇ ದನಿ ಬಹಳ ಮೆತ್ತಗಾಗಿ ಕೇಳಿತು: "ನಿಮ್ದೂ ನಿಂತೈತೇನ್ರಿ?"

"ನಮ್ದು ಪೂರ್ತಿ ಬಳಗದ್ದೇ ನಿಂತಿದೆ ಸ್ವಾಮಿ! ನಂದು ಇನ್ನೂ ನಿಂತಿಲ್ಲ. ಆದ್ರೆ ಭಯದಲ್ಲಿ ತಿಂದ್ರೆ ರುಚಿ ಗೊತ್ತಾಗುತ್ತಾ? ನಿನ್ನೆ ದೋಸೆ ತಿಂದೆ, ಪಲ್ಯ ಇತ್ತೋ ಇಲ್ವೋ ಜ್ಞಾಪಕ ಇಲ್ಲ."

ಬಲಗಡೆಯವರೆಲ್ಲ ತಲೆ ತಗ್ಗಿಸಿದರು. ಎಡಗಡೆಯವರೆಲ್ಲ ಹಿಂದೆ ತಿರುಗಿ ಜಯಮ್ಮನನ್ನು ನೋಡಿದರು. ಗೌಡರಿಗೆ ಫೋನಿನ ಭರದಲ್ಲಿ ತಾನೇನು ಹೇಳಿದೆ ಎನ್ನುವುದು ಇನ್ನೂ ಹೊಳೆದಿರಲಿಲ್ಲ. "ಆದ್ರೂ ಹೆಣ್ ಮಗು ಸ್ವಾಮಿ. ಇಷ್ಟು ಜನರ ಮುಂದೆ ಕಣ್ಣೀರು ಹಾಕ್ತಾ ಇದೆ. ಒಂದು ಮಾತಾಡಿ" ಎಂದು ಮುಗಿಸಿದರು.

"ಅದಾಳೇನು ಅಲ್ಲೇ?" ಎಂದಿತು ದನಿ. "ಉಂಡ್ಯೇನವಾ?"

ಲೇಖಕಿ ಹೆಲ್ಮೆಟ್ಟಿನೊಳಗೆ ಮುಖವಿಟ್ಟುಕೊಂಡು ಅತ್ತರು. ಸಹನಾ ಫೋನನ್ನು ಅವರ ಕಿವಿಗಿಟ್ಟು ವರಾಂಡಕ್ಕೆ ಕರೆದುಕೊಂಡು ಹೋದಳು.

ಆಗ ಜಯಮ್ಮ ಎದ್ದು ನಿಂತರು. ಗೌಡರ ಮುಖದಲ್ಲಿದ್ದ ಗೆಲುವು ಇಳಿದುಹೋಯಿತು.

"ದೋಸೆ ತಿಂತೀರಾ ನೀವು?"

"ಅದು... ಯಾವಾಗಾದ್ರೂ ಒಂದೊಂದ್ಸಲ ಕಣೇ..."

"ಡಾಕ್ಟ್ರು ಬೇಡ ಅಂದಿದಾರೆ, ಮನೇಲಿ ದೋಸೆ ಹುಯ್ಯಬೇಡ ಅಂದ್ರಿ. ನೀವು ಒಣ ಚಪಾತಿ ತಿಂದು ಎದ್ದು ಹೋಗೋದನ್ನ ನೋಡಿ ನನ್ನ ಹೊಟ್ಟೆ ಉರಿಯೋದು. ನೀವು ತಿನ್ನಲ್ಲ ಅಂತ ನಾನೂ ಬಿಟ್ಟೆ. ತಂಗಿ ಮನೆಗೆ ಹೋದ್ರೂ ಬಿಟ್ಟೆ. ಮೊಮ್ಮಗನ ಹುಟ್ಟುಹಬ್ಬಕ್ಕೆ ಎಲ್ರೂ ಹೋಟ್ಲಲ್ಲಿ ತಿಂದ್ರು, ನಾನು ಬರೀ ಕಾಫಿ ಕುಡಿದು ಬಂದೆ." ಅವರ ದನಿ ಆಗಲೂ ಏರಲಿಲ್ಲ. "ನಂಗೆ ದೋಸೆ ಅಂದ್ರೆ ಎಷ್ಟಿಷ್ಟ ಅಂತ ನಿಮಗೆ ಗೊತ್ತಿಲ್ವಾ?"

ಹೆಂಗಸರಲ್ಲಿ ಇಬ್ಬರು ಮೂವರು ಸೆರಗು ಕಣ್ಣಿಗೆ ಒತ್ತಿಕೊಂಡರು. ಗಂಡಸರು ತಮ್ಮ ತಮ್ಮ ಶೂಗಳನ್ನು ನೋಡುತ್ತಿದ್ದರು. ಅಷ್ಟು ದೊಡ್ಡ ಆಳು ಗೌಡರು ಜನರ ಮಧ್ಯೆ ದಾರಿ ಮಾಡಿಕೊಂಡು ಹಿಂದಿನ ಸಾಲಿಗೆ ಹೋಗಿ ನಿಂತರು. ಮಂಕಿ ಕ್ಯಾಪನ್ನು ತೆಗೆದು ಕೈಯಲ್ಲಿ ಹಿಂಡಿದರು.

"ಬಾರೇ" ಎಂದರು ಕಡೆಗೆ. "ಹೋಟ್ಲು ಈಗ ತೆಗ್ದಿರ್ತಾನೆ."

"ನಿಮ್ಮ ಸಕ್ಕರೆ ಕಾಯಿಲೆ?"

"ನೀನ್ ಒಂದು ತಿನ್ನು. ನಂಗೆ ಅದ್ರಲ್ಲಿ ಒಂದು ತುಂಡು ಕೊಡು. ನೀನ್ ಕೊಟ್ಟಷ್ಟು."

ಜಯಮ್ಮ ಯೋಚಿಸಿದರು. ಸಭೆ ಪೂರ್ತಿ ಅವರ ಜೊತೆಗೆ ಯೋಚಿಸಿತು. ಮಂಜುನಾಥ ತಡೆಯಲಾರದೆ, "ಆಂಟಿ, ನಾಳೆ ಹೇಳ್ತೀನಿ ಅಂತ ಮಾತ್ರ ಅನ್ನಬೇಡಿ!" ಎಂದ. ಜಯಮ್ಮನಿಗೆ ನಗು ಬಂತು. ಕಾದಂಬರಿ ಓದಿರದಿದ್ದರೂ ಬಂತು. ಇಬ್ಬರೂ ನಮ್ಮೆಲ್ಲರ ಮಧ್ಯದಿಂದ ಹೊರಟೇಬಿಟ್ಟರು. ಅವರ ಹಿಂದೆ ಉಳಿದ ಜೋಡಿಗಳೂ ಒಂದೊಂದಾಗಿ ಎದ್ದವು. ವಿಮಲಾ ಟೀಚರ್ ಮಾತ್ರ ಯಜಮಾನರಿಗೆ "ನಿಮಗೆ ಇಡ್ಲಿ" ಎಂದು ಹೇಳುತ್ತಾ ಹೋದದ್ದು ಕೇಳಿಸಿತು. ಲೇಖಕಿ ಮುಖ ತೊಳೆದುಕೊಂಡು ವಾಪಸು ಬಂದಾಗ ಸಭೆಯಲ್ಲಿ ಉಳಿದಿದ್ದವರು ನಾನು, ಸಹನಾ, ಮಂಜುನಾಥ, ಟೊಮೆಟೊ ಕಂಡಕ್ಟರು. ವಂದನಾರ್ಪಣೆಯನ್ನು ನಮ್ಮ ನಾಲ್ವರಿಗೇ ಮಾಡಿದೆ.

ಜಾಗ ಖಾಲಿ ಮಾಡುವ ಮಾತನ್ನು ಗೌಡರು ಮತ್ತೆ ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ. ಮೇಲಧಿಕಾರಿಗಳು ಫೋನ್ ಮಾಡಿ "ಆ ಸೂಕ್ಷ್ಮ ವಿಚಾರ ಏನಾಯ್ತು?" ಎಂದಾಗ, ಬೈಂಡಿಂಗ್ ಮುಗಿದು ಬಂದಿದೆ ಎಂದು ಹೇಳಿದೆ. ಜಯಮ್ಮ ಪುಸ್ತಕ ಒಯ್ದು ಓದಿದರು. "ಚೆನ್ನಾಗಿದೆ, ಆದ್ರೆ ಆ ಹುಡುಗಿಗೆ ಅಷ್ಟೊಂದು ಯೋಚನೆ ಯಾಕೆ?" ಎಂದಷ್ಟೇ ಅಂದರು.

ನಾನು ನಿವೃತ್ತಳಾಗುವ ಸ್ವಲ್ಪ ಮುಂಚೆ ಗೌಡರು ಒಂದು ಬೆಳಿಗ್ಗೆ ಒಳಗೆ ಬಂದರು. ಸದಸ್ಯತ್ವ ಬೇಕೆಂದರು. ಅವರದೇ ಕಟ್ಟಡದಲ್ಲಿ ಅವರ ವಿಳಾಸ ಬರೆದುಕೊಂಡೆ. "ಯಾವ ಪುಸ್ತಕ ಕೊಡಲಿ ಗೌಡ್ರೇ?" ಎಂದೆ.

"ಡಾಕ್ಟ್ರು ಈಗ ಭಾಳ ಸ್ಟ್ರಿಕ್ಟು ಮೇಡಂ. ಇವಳು ತುಂಡೂ ಕೊಡ್ತಾ ಇಲ್ಲ. ಓದೋವಾಗ ಬಾಯಲ್ಲಿ ನೀರು ಬರಬಾರ್ದು. ಊಟ ತಿಂಡಿ ಇಲ್ದೇ ಇರೋ ಒಂದು ಒಳ್ಳೇ ಕಾದಂಬರಿ ಕೊಡಿ."

ಸುಲಭದ ಕೆಲಸವೆಂದುಕೊಂಡು ಬೀರು ತೆಗೆದೆ. ಪ್ರೇಮ ಕಥೆ ನೋಡಿದೆ, ಪತ್ತೇದಾರಿ ನೋಡಿದೆ, ಯುದ್ಧದ ಕಥೆ ನೋಡಿದೆ, ಸನ್ಯಾಸಿಯೊಬ್ಬನ ಕಥೆಯನ್ನೂ ನೋಡಿದೆ, ಅವನು ಎರಡನೇ ಪುಟದಲ್ಲೇ ಹಲಸಿನ ಹಣ್ಣು ತಿನ್ನುತ್ತಿದ್ದ. ಸೇವೆಯ ಕೊನೆಯ ದಿನ ಸನ್ಮಾನದ ಹಾರ ಹಾಕಿಕೊಂಡೇ ಇನ್ನೆರಡು ತಿರುವಿ ಹಾಕಿದೆ. ಕನ್ನಡದಲ್ಲಿ ಅಂಥದ್ದೊಂದು ನನಗೆ ಸಿಗಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾರಾದರೂ ಹುಡುಕಿದರೆ, ಮೇಲಿನ ಮಹಡಿಗೆ ಹೋಗಿ ಕೊಟ್ಟುಬನ್ನಿ. ಗೌಡರು ಕಾಯುತ್ತಿದ್ದಾರೆ.